ಆ ಎರಡು ದಿನ ವಾಪಸ್ ಕೊಡಿ: ಹಿಮಾಲಯಕ್ಕೆ ಕರೆದೊಯ್ಯುವ ಚಾರಣ ಆಯೋಜಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದಿಂದ ಹಿಮಾಲಯಕ್ಕೆ ಜನರನ್ನು ಕರೆದೊಯ್ಯುವ ಎಲ್ಲ ಚಾರಣ ಸಂಸ್ಥೆಗಳು, ಕ್ಲಬ್‌ಗಳು ಮತ್ತು ಟ್ರೆಕ್ ಲೀಡರ್‌ಗಳಿಗೆ.

ಮಾನ್ಯರೇ,

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಕಳೆದ ವರ್ಷ ಮೇ ತಿಂಗಳಲ್ಲಿ ನಾವು ಐದು ಜನ ಹಳೇ ಸಹಪಾಠಿಗಳು ಸೇರಿ ರೂಪಿನ್ ಪಾಸ್‌ಗೆ ಹೋಗಿದ್ದೆವು. ಉತ್ತರಾಖಂಡದ ಕಡೆಯಿಂದ ಹಿಮಾಚಲಕ್ಕೆ ಹಿಮದ ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ ಅದು. ಇಬ್ಬರು ಪಾಸ್ ದಾಟಿ ಹಿಮಾಚಲದ ಸಾಂಗ್ಲಾಕ್ಕೆ ಇಳಿದರು. ಮೂವರು ಅರ್ಧ ದಾರಿಯಿಂದ ವಾಪಸ್ ಬಂದೆವು. ವಾಪಸ್ ಬಂದಿದ್ದಕ್ಕೆ ನಮಗೆ ಬೇಜಾರಿಲ್ಲ. ಯಾಕೆ ಬರಬೇಕಾಯಿತು ಅನ್ನುವುದರ ಬಗ್ಗೆ ಈ ಪತ್ರ.

ನಮ್ಮನ್ನು ಕರೆದೊಯ್ದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರಿಗೆ ಎರಡು ಸಲ ಇಮೇಲ್ ಕಳಿಸಿದ್ದೇವೆ. ಎರಡಕ್ಕೂ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಒಂದೇ ಉತ್ತರ ಬಂತು. ಆಮೇಲೆ ಬೇರೆಯವರ ಜಾಹೀರಾತುಗಳನ್ನೂ ಹುಡುಕಿ ನೋಡಿದೆ. ಎಂಟು ದಿನದ ಚಾರಣವನ್ನು ಆರಕ್ಕೆ ಇಳಿಸಿದ ಅದೇ ಪಟ್ಟಿ ಅಲ್ಲೂ ಸಿಕ್ಕಿತು. ಹಾಗಾಗಿ ಒಬ್ಬರ ಮೇಲೆ ಸಿಟ್ಟು ತೀರಿಸಿಕೊಳ್ಳುವುದರಿಂದ ಪ್ರಯೋಜನ ಇಲ್ಲ ಅನಿಸಿತು.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇನೆ. ಎಂಟು ದಿನದ ಪಟ್ಟಿಯೂ ಒಂದು ಕಡೆ ಇತ್ತು. ನಾವು ಆರು ದಿನದ್ದನ್ನೇ ಆರಿಸಿಕೊಂಡೆವು. ನಮ್ಮಲ್ಲಿ ಒಬ್ಬರು ಹೈಸ್ಕೂಲ್ ಮೇಷ್ಟ್ರು. ಸಹಪಾಠಿಯೇ ಆದರೂ ಅವರನ್ನು ನಾವೆಲ್ಲ ಮೇಷ್ಟ್ರೇ ಅಂತಲೇ ಕರೆಯುವುದು. ಅವರ ಶಾಲೆ ಮೇ ಕೊನೆಯಲ್ಲಿ ಶುರುವಾಗುತ್ತಿತ್ತು. ಬ್ಯಾಂಕಿನಲ್ಲಿರುವ ಗೆಳತಿಗೆ ಅಷ್ಟು ರಜೆ ಸಿಗುತ್ತಿರಲಿಲ್ಲ. ಬೆಂಗಳೂರಿನ ಇಬ್ಬರು ಸಾಫ್ಟ್‌ವೇರ್‌ನವರಿಗೂ ಅದೇ ಕಥೆ. ನಾನೂ ಅಷ್ಟು ದಿನ ಅಂಗಡಿ ಮುಚ್ಚಲಾರೆ. ಇದರ ಜೊತೆ, ಮೈ ಗಟ್ಟಿ ಇದೆ ಅನ್ನುವುದಕ್ಕೆ ಸಾಕ್ಷಿಯಾಗಿ ನಾವು ಐದು ಕಿಲೋಮೀಟರ್ ಓಡಿದ ಸ್ಕ್ರೀನ್‌ಶಾಟನ್ನು ನಿಮ್ಮ ಕಡೆಯವರು ಕೇಳಿದಾಗ ನಮ್ಮಲ್ಲೊಬ್ಬ ತಮ್ಮನ ಕೈಲಿ ಓಡಿಸಿ ಕಳಿಸಿದ್ದ. ಯಾರು ಅಂತ ಹೇಳಲ್ಲ, ಅವನು ಪಾಸ್ ದಾಟಿದವನು!

ಆದರೆ ಜಾಹೀರಾತಿನಲ್ಲಿದ್ದ ಒಂದು ಸಾಲು ನನಗೆ ಈಗಲೂ ಮರೆತಿಲ್ಲ. ಮುಳ್ಳಯ್ಯನಗಿರಿ, ಕುಮಾರ ಪರ್ವತ ಹತ್ತಿದವರು ಆರಾಮಾಗಿ ಮಾಡಬಹುದು ಅಂತ ಅದರಲ್ಲಿತ್ತು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ನಮ್ಮ ರಾಜ್ಯದಲ್ಲಿ ಅದಕ್ಕಿಂತ ಎತ್ತರದ ಜಾಗವೇ ಇಲ್ಲ. ರೂಪಿನ್ ಕಣಿವೆಯ ಕೊನೆಯ ಊರು ಝಾಕಾ. ಅಲ್ಲಿ ಜನ ದನ ಕಟ್ಟುತ್ತಾರೆ, ಆಲೂಗಡ್ಡೆ ಬೆಳೆಯುತ್ತಾರೆ, ಮಕ್ಕಳು ಬೀದಿಯಲ್ಲಿ ಆಡುತ್ತವೆ. ಆ ಊರಿರುವುದು ಸುಮಾರು 2,700 ಮೀಟರ್ ಎತ್ತರದಲ್ಲಿ. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತವನು ಝಾಕಾದ ದನದ ಕೊಟ್ಟಿಗೆಗಿಂತ ಏಳುನೂರು ಮೀಟರಿಗೂ ಜಾಸ್ತಿ ಕೆಳಗಿರುತ್ತಾನೆ. ಪಾಸ್ ಇರುವುದು ಸುಮಾರು 4,650 ಮೀಟರಿನಲ್ಲಿ. ಕುಮಾರ ಪರ್ವತ ಹತ್ತಿ ಕಾಲು ಗಟ್ಟಿಯಾಗಬಹುದು. ಗಾಳಿ ತೆಳ್ಳಗಾದಾಗ ನಿಮ್ಮ ಮೈ ಏನು ಮಾಡುತ್ತದೆ ಅಂತ ಅದು ಹೇಳುವುದಿಲ್ಲ. ಕರ್ನಾಟಕದ ಯಾವ ಬೆಟ್ಟವೂ ಹೇಳುವುದಿಲ್ಲ.

ಮೊದಲ ಮೂರು ದಿನ ಸ್ವರ್ಗ. ಡೆಹ್ರಾಡೂನ್‌ನಿಂದ ಪುರೋಲಾ, ಮೋರಿ ದಾಟಿ ಜೀಪಿನಲ್ಲಿ ಇಡೀ ದಿನ. ನೈಟ್ವಾಡ್ ಹತ್ತಿರ ರೂಪಿನ್, ಸುಪಿನ್ ಎರಡೂ ಸೇರಿ ಟೋನ್ಸ್ ನದಿ ಆಗುತ್ತವೆ. ಅದು ಮುಂದೆ ಹೋಗಿ ಯಮುನೆಗೆ ಸೇರುತ್ತದೆ. ಆ ಸೀಮೆಯ ದೇವ್ರಾ ಅನ್ನೋ ಊರಿನಲ್ಲಿ ಕರ್ಣನಿಗೆ ಗುಡಿ ಇದೆ ಅಂತ ಡ್ರೈವರ್ ಹೇಳಿದಾಗ ಮೇಷ್ಟ್ರು ಜೀಪಿನಲ್ಲೇ ಕನ್ನಡ ಪಾಠ ಶುರು ಮಾಡಿದರು. ನಿಲ್ಲಿಸಲು ಆಗಲಿಲ್ಲ. ಧೌಲಾದಿಂದ ನಡಿಗೆ. ಸೇವಾ ಅನ್ನೋ ಊರಿನಲ್ಲಿ ಮರದ ಗುಡಿ ಎದುರು ಕೂತು ಚಹಾ ಕುಡಿದೆವು. ಮರುದಿನ ಝಾಕಾ. ಬೆಟ್ಟದ ಗೋಡೆಗೆ ಯಾರೋ ಮೊಳೆ ಹೊಡೆದು ಮನೆಗಳನ್ನು ತೂಗುಹಾಕಿದಂತೆ ಇದೆ ಆ ಊರು.

ನಾಲ್ಕನೇ ದಿನ ನಿಮ್ಮ ಪಟ್ಟಿಯ ಬಣ್ಣ ಗೊತ್ತಾಯಿತು.

ಎಂಟು ದಿನದ ಪಟ್ಟಿಯಲ್ಲಿ ಝಾಕಾದಿಂದ ಹೊರಟವರು ಆ ರಾತ್ರಿ ಸರುವಾಸ್ ಥಾಚ್‌ನಲ್ಲಿ ಮಲಗುತ್ತಾರೆ. ಥಾಚ್ ಅಂದರೆ ಕುರಿ ಮೇಯಿಸುವ ಹುಲ್ಲುಗಾವಲು, ನಮ್ಮ ಕಡೆ ಕಾವಲು ಅಂತೀವಲ್ಲ ಹಾಗೆ. ಮರುದಿನ ಧಂದೇರಾಸ್ ಥಾಚ್. ಅದು ಸುಮಾರು 3,560 ಮೀಟರ್. ಎದುರಿಗೆ ಮೂರು ಹಂತದಲ್ಲಿ ಧುಮುಕುವ ರೂಪಿನ್ ಜಲಪಾತ. ಅಲ್ಲಿ ಒಂದು ಇಡೀ ದಿನ ಸುಮ್ನೆ ಇರುತ್ತಾರೆ. ಆಮೇಲೆ ಜಲಪಾತದ ನೆತ್ತಿಗೆ, ಅಲ್ಲಿಂದ ಪಾಸ್‌ಗೆ. ಆರು ದಿನದ ಪಟ್ಟಿಯಲ್ಲಿ ಸರುವಾಸ್ ಇಲ್ಲ. ಸುಮ್ನೆ ಇರುವ ದಿನವೂ ಇಲ್ಲ. ಝಾಕಾದಿಂದ ಒಂದೇ ಉಸಿರಿಗೆ ಧಂದೇರಾಸ್. ಮಾರನೇ ಬೆಳಿಗ್ಗೆ ಮತ್ತೆ ಮೇಲಕ್ಕೆ.

3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಜಾಸ್ತಿ ಮೇಲೆ ಇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು. ಇದು ನಾನು ಕಂಡುಹಿಡಿದದ್ದಲ್ಲ, ಪರ್ವತ ವೈದ್ಯಕೀಯದವರು ಹೇಳುವ ಸಾಮಾನ್ಯ ಲೆಕ್ಕ. ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾವು ಒಂದೇ ದಿನ ಎಂಟುನೂರು ಮೀಟರಿಗೂ ಮೇಲೆ ಏರಿ ಮಲಗಿದೆವು.

ಆ ಸಂಜೆ ಮೇಷ್ಟ್ರು ಊಟ ಮಾಡಲಿಲ್ಲ. ಆಯಾಸ ಅಂದರು. ರಾತ್ರಿ ಎರಡು ಸಲ ಟೆಂಟಿನ ಹೊರಗೆ ಹೋಗಿ ವಾಂತಿ ಮಾಡಿದ್ದು ನನಗೆ ಗೊತ್ತಾದದ್ದು ಬೆಳಿಗ್ಗೆ. ತಲೆನೋವನ್ನು ಯಾಕೆ ಮುಚ್ಚಿಟ್ಟಿರಿ ಅಂದರೆ, ‘ನನ್ನೊಬ್ಬನಿಂದ ನಿಮಗೆಲ್ಲ ತೊಂದ್ರೆ ಯಾಕೆ’ ಅಂದರು. ಬೆಳಿಗ್ಗೆ ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರನ್ನು ಲೀಡರ್ ಅವರ ಬೆರಳಿಗೆ ಹಾಕಿದರು. 68 ತೋರಿಸಿತು. ಲೀಡರ್ ಬೆರಳು ಉಜ್ಜಿ ಮತ್ತೆ ಹಾಕಿದರು. ಅದು ತಪ್ಪಲ್ಲ, ಬೆರಳು ತಣ್ಣಗಿದ್ದರೆ ಆ ಯಂತ್ರ ಕಡಿಮೆ ತೋರಿಸುತ್ತದೆ. ಆದರೆ ನಾಲ್ಕು ಸಲ ಹಾಕಿ, ಒಂದು ಸಲ ಬಂದ 79 ಅನ್ನೋ ಸಂಖ್ಯೆಯನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಂಡರು.

ನನಗೆ ಹೆದರಿಕೆ ಆಗಿದ್ದು ಆ ಸಂಖ್ಯೆ ನೋಡಿ ಅಲ್ಲ. ಮೇಷ್ಟ್ರು ಜಾಕೆಟ್ ಗುಂಡಿಗಳನ್ನು ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದರು. ದಿನಾ ಇಸ್ತ್ರಿ ಅಂಗಿ ಹಾಕುವ ಮನುಷ್ಯ. ಹಿಮ್ಮಡಿಗೆ ಹೆಬ್ಬೆರಳು ಮುಟ್ಟಿಸಿಕೊಂಡು ಗೆರೆ ಮೇಲೆ ನಡೆದಂತೆ ನಾಲ್ಕು ಹೆಜ್ಜೆ ಹಾಕಿ ಅಂದೆ. ಎರಡನೇ ಹೆಜ್ಜೆಗೇ ಕುಡಿದವರಂತೆ ವಾಲಿದರು. ಎತ್ತರದ ಜಾಗದಲ್ಲಿ ನಡಿಗೆ ತಪ್ಪಿತು ಅಂದರೆ ಮಿದುಳಲ್ಲಿ ಊತ ಶುರುವಾಗಿರಬಹುದು ಅಂತಲೇ ತಿಳಿಯಬೇಕು. ಹೊರಡುವ ಮುಂಚೆ ಓದಿಕೊಂಡಿದ್ದೆ.

ಆಗ ಲೀಡರ್ ಒಂದು ಮಾತ್ರೆ ಕೊಟ್ಟರು. ತಲೆನೋವಿನ ಮಾತ್ರೆ, ಇದು ತಗೊಂಡು ನಿಧಾನ ಹತ್ತಿ, ಮಧ್ಯಾಹ್ನಕ್ಕೆ ಸರಿ ಹೋಗುತ್ತೆ ಅಂದರು. ನನ್ನದು ಮೆಡಿಕಲ್ ಶಾಪ್. ಯಾರಾದರೂ ಮಾತ್ರೆ ಕೊಟ್ಟರೆ ಸ್ಟ್ರಿಪ್ ತಿರುಗಿಸಿ ನೋಡುವುದು ನನ್ನ ಚಾಳಿ. ನೋಡಿದೆ. ಡೆಕ್ಸಾಮೆಥಾಸೋನ್.

ಓದುವವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚಾರಣಿಗರು ಸಾಮಾನ್ಯವಾಗಿ ತೆಗೆದುಕೊಳ್ಳುವುದು ಅಸೆಟಜೋಲಮೈಡ್, ಡಯಾಮಾಕ್ಸ್ ಅನ್ನೋ ಹೆಸರಿನಲ್ಲಿ ಸಿಗುತ್ತದೆ. ನಮ್ಮ ಅಂಗಡಿಯಲ್ಲಿ ಅದು ಜಾಸ್ತಿ ಹೋಗುವುದು ಕಣ್ಣಿನ ಗ್ಲಾಕೋಮಾ ಇರುವವರಿಗೆ. ಎತ್ತರಕ್ಕೆ ಹೋದಾಗ ನಾವು ಜಾಸ್ತಿ ಉಸಿರಾಡುತ್ತೇವೆ, ಅದರಿಂದ ರಕ್ತದ ಕ್ಷಾರ ಏರುತ್ತದೆ, ಅದನ್ನು ಮೂತ್ರಪಿಂಡ ಎರಡು ಮೂರು ದಿನ ಕೂತು ಸರಿಮಾಡುತ್ತದೆ. ಆ ಕೆಲಸವನ್ನು ಈ ಮಾತ್ರೆ ಬೇಗ ಮಾಡಿಸುತ್ತದೆ. ಬೆರಳು ಜುಮ್ ಅನ್ನುತ್ತದೆ, ಪದೇ ಪದೇ ಮೂತ್ರ ಬರುತ್ತದೆ. ಸಲ್ಫಾ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಡೆಕ್ಸಾಮೆಥಾಸೋನ್ ಬೇರೆ ಜಾತಿಯದು. ಅದು ಸ್ಟಿರಾಯ್ಡ್. ಮೈಯನ್ನು ಎತ್ತರಕ್ಕೆ ಒಗ್ಗಿಸುವುದಿಲ್ಲ. ಮಿದುಳಿನ ಊತವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟರೊಳಗೆ ರೋಗಿಯನ್ನು ಕೆಳಗಿಳಿಸಲಿ ಅಂತ. ಮಾತ್ರೆ ತಿನ್ನಿಸಿ ಮೇಲಕ್ಕೇ ಹತ್ತಿಸಿದರೆ ತಲೆನೋವು ಹೋಗುತ್ತದೆ, ಕಾಯಿಲೆ ಒಳಗೇ ಇರುತ್ತದೆ. ಮಾತ್ರೆಯ ಕಾವು ಇಳಿಯುವ ಹೊತ್ತಿಗೆ ಮನುಷ್ಯ ಹಿಮದ ನಡುವೆ, ಇನ್ನೂ ಎತ್ತರದಲ್ಲಿ ಇರುತ್ತಾನೆ.

ಹಾಗಾಗಿ ಆ ಮಾತ್ರೆ ಕೊಟ್ಟಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಮೇಷ್ಟ್ರಿಗೆ ನಾನೇ ಅದನ್ನು ನುಂಗಿಸಿದೆ. ಕೊಟ್ಟು ‘ಮೇಲೆ ಹತ್ತಿ’ ಅಂದರಲ್ಲ, ಅದಕ್ಕೆ ಏನು ಹೇಳಲಿ? ಅದನ್ನು ತಲೆನೋವಿನ ಮಾತ್ರೆ ಅಂದಿದ್ದಕ್ಕೆ?

ಲೀಡರ್ ಕೆಟ್ಟವರಲ್ಲ. ಇಪ್ಪತ್ತೈದು ವರ್ಷ ಇರಬಹುದು. ಇಪ್ಪತ್ತೊಂದು ಜನರ ಗುಂಪಿಗೆ ಅವರೊಬ್ಬರೇ. ಇಲ್ಲೇ ಒಂದು ದಿನ ನಿಂತು ನೋಡೋಣ ಅಂದೆ. ಇವತ್ತು ಹಿಂದಿನ ಗುಂಪು ಇದೇ ಟೆಂಟಿಗೆ ಬರುತ್ತದೆ, ಜಾಗ ಇಲ್ಲ ಅಂದರು. ಹಾಗಾದರೆ ಕೆಳಗೆ ಹೋಗುತ್ತೇವೆ ಅಂದೆ. ಹೋದರೆ ದುಡ್ಡು ವಾಪಸ್ ಬರಲ್ಲ, ಕೆಳಗಿನ ಜೀಪೂ ನಿಮ್ಮದೇ ಖರ್ಚು ಅಂದರು. ಅಷ್ಟೊತ್ತಿಗೆ ನಮ್ಮ ಬ್ಯಾಂಕ್ ಗೆಳತಿ ಮುಂದೆ ಬಂದಳು. ಧೌಲಾದಲ್ಲಿ ರಾತ್ರಿ ಹೆಡ್‌ಟಾರ್ಚ್ ಬೆಳಕಲ್ಲಿ ನಮ್ಮಿಂದ ಸಹಿ ಹಾಕಿಸಿಕೊಂಡಿದ್ದ ಹನ್ನೊಂದು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರವನ್ನು ಐದು ಜನರಲ್ಲಿ ಓದಿದ್ದವಳು ಅವಳೊಬ್ಬಳೇ. ‘ಸರ್, ಇದರಲ್ಲಿ ರೋಗಿಯನ್ನು ಕೆಳಗಿಳಿಸುವುದು ನಿಮ್ಮ ಜವಾಬ್ದಾರಿ ಅಂತ ಏಳನೇ ಪುಟದಲ್ಲಿದೆ’ ಅಂದಳು. ಅವರು ಒಂದು ಕ್ಷಣ ಸುಮ್ಮನಾದರು. ‘ಮೇಡಂ, ವಾಪಸ್ ಕಳಿಸಿದ ಪ್ರತಿಯೊಬ್ಬರಿಗೂ ನಾನು ಆಫೀಸಿಗೆ ಉತ್ತರ ಹೇಳಬೇಕು’ ಅಂದರು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಉಳಿದರ್ಧ ನಿಮ್ಮ ಆಫೀಸಿನ ಮೇಲೆ ಇದೆ.

ಕೊನೆಗೆ ಒಬ್ಬ ಪೋರ್ಟರನ್ನು ಕೊಟ್ಟರು. ಝಾಕಾದ ಹುಡುಗ. ಮೇಷ್ಟ್ರು, ಬ್ಯಾಂಕ್ ಗೆಳತಿ, ನಾನು, ಅವನು. ಹತ್ತು ಹನ್ನೆರಡು ಕಿಲೋಮೀಟರ್ ಇಳಿಯಲು ಸಂಜೆಯಾಯಿತು. ತೊರೆ ದಾಟುವಲ್ಲಿ, ನದಿ ಮೇಲೆ ಹಿಮ ಸೇತುವೆಯಂತೆ ಹೆಪ್ಪುಗಟ್ಟಿದ ಕಡೆ ಅವನು ಮೇಷ್ಟ್ರನ್ನು ಬೆನ್ನ ಮೇಲೆ ಹೊತ್ತುಕೊಂಡ. ಉಳಿದ ಕಡೆ ಸೊಂಟಕ್ಕೆ ಕೈ ಹಾಕಿ ನಡೆಸಿದ. ದಾರಿಯಲ್ಲಿ ಮೇಷ್ಟ್ರು ಎರಡು ಸಲ ನನ್ನನ್ನು ಬೇರೆ ಯಾರದೋ ಹೆಸರಿಂದ ಕರೆದರು. ಆ ಹೊತ್ತಿನಲ್ಲಿ ನಾವು ಮೂವರೂ ಮಾತಾಡಲಿಲ್ಲ.

ಝಾಕಾ ತಲುಪಿ ಆ ಹುಡುಗನ ಮನೆ ಒಲೆ ಮುಂದೆ ಕೂತೆವು. ಅವನ ಅಜ್ಜಿ ಬಿಸಿ ನೀರು, ಆಮೇಲೆ ಅನ್ನ, ರಾಜ್ಮಾ ಕೊಟ್ಟರು. ಒಂದು ತಾಸು ಕಳೆದಿರಬಹುದು. ಮೇಷ್ಟ್ರು ಹುಡುಗನ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: ‘ಲೋ, ಇದು ನಮ್ಮ ಸ್ಕೂಲ್ ಮಕ್ಕಳಿಗೆ ಸರ್ಕಾರದವರು ಕೊಡೋ ಶೂ ಥರಾನೇ ಇದೆಯಲ್ಲೋ.’ ನನಗೆ ಅಳು ಬಂತು. ಮೇಷ್ಟ್ರು ವಾಪಸ್ ಬಂದಿದ್ದರು. ಆಮೇಲೆ ನಾನೂ ಆ ಶೂ ನೋಡಿದೆ. ಹೌದು, ಕಪ್ಪು ಬಣ್ಣದ, ಅಡಿ ಸವೆದ, ತೆಳು ಶೂ. ಅದರಲ್ಲೇ ಅವನು ಹಿಮದ ಮೇಲೆ ಒಬ್ಬ ದೊಡ್ಡ ಮನುಷ್ಯನನ್ನು ಹೊತ್ತಿದ್ದ. ಪಾಸ್ ದಾಟಿಸಲು ನೀವು ನಮಗೆಲ್ಲ ಶೂಗೆ ಸಿಕ್ಕಿಸುವ ಮೊಳೆಪಟ್ಟಿ ಕೊಟ್ಟಿರಿ. ಪೋರ್ಟರ್‌ಗಳಿಗೆ ಕೊಟ್ಟದ್ದನ್ನು ನಾನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಇನ್ನೊಂದು ವಿಷಯ ಗೊತ್ತಾಯಿತು. ಅವನು ಲಗೇಜ್ ಹೊರದೆ ಕೆಳಗೆ ಬಂದಿದ್ದರಿಂದ ಆ ದಿನದ ಕೂಲಿ ಸಿಗುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ನಾವು ಮೂವರ ಜೇಬಿನಲ್ಲಿದ್ದದ್ದು ಸೇರಿಸಿ ಕೊಟ್ಟೆವು. ಮೊದಲು ಬೇಡ ಅಂದ. ಅಜ್ಜಿ ಬೈದ ಮೇಲೆ ತೆಗೆದುಕೊಂಡ. ಅವನಿಗೆ ವಿಮೆ ಇದೆಯಾ ಅಂತ ಬ್ಯಾಂಕ್ ಗೆಳತಿ ಕೇಳಿದಳು. ಆ ಪದವೇ ಅವನಿಗೆ ಅರ್ಥ ಆಗಲಿಲ್ಲ.

ಮಾನ್ಯರೇ, 2024ರ ಜೂನ್ ಮೊದಲ ವಾರ ನೆನಪಿದೆ ಅಲ್ವಾ? ಉತ್ತರಾಖಂಡದ ಸಹಸ್ತ್ರತಾಲ್‌ಗೆ ಕರ್ನಾಟಕದಿಂದ ಹೋದ ತಂಡ ಹಿಮಬಿರುಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರಿನಲ್ಲಿ ತರಬೇಕಾಯಿತು. ನಮ್ಮ ರಾಜ್ಯದ ಸಚಿವರೇ ಡೆಹ್ರಾಡೂನ್‌ಗೆ ಹೋಗಿ ನಿಂತರು. ಅದು ಬಿರುಗಾಳಿ, ನಮ್ಮದು ಬೇರೆ ಕಥೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಆದರೆ ಆ ವಾರ ಎಲ್ಲರೂ ಹವಾಮಾನ, ಸುರಕ್ಷತೆ, ನಿಯಮ ಅಂತ ಮಾತಾಡಿದರು. ಮುಂದಿನ ಮೇನಲ್ಲಿ ಜಾಹೀರಾತುಗಳು ಮತ್ತೆ ‘ಲಾಂಗ್ ವೀಕೆಂಡ್‌ಗೆ ಹೊಂದುತ್ತದೆ’ ಅಂತಲೇ ಬಂದವು.

ರಜೆ ಇಲ್ಲದವರಿಗೆ ಕಡಿಮೆ ದಿನದ ಚಾರಣ ಬೇಕು, ನಾವು ಕೊಡದಿದ್ದರೆ ಪಕ್ಕದವರು ಕೊಡುತ್ತಾರೆ ಅಂತ ನೀವು ಹೇಳಬಹುದು. ನಿಜ. ಡಾಕ್ಟರ್ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೇಳುವವರು ನನ್ನ ಅಂಗಡಿಗೂ ದಿನಾ ಬರುತ್ತಾರೆ. ಕೊಡದಿದ್ದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ನಾನು ಯಾವಾಗಲೂ ಇಲ್ಲ ಅಂದಿದ್ದೇನೆ ಅಂತ ಎದೆ ತಟ್ಟಿ ಹೇಳಲಾರೆ. ಆದರೆ ಅದು ತಲೆನೋವಿನ ಮಾತ್ರೆ ಅಂತ ಹೇಳಿ ಯಾರಿಗೂ ಕೊಟ್ಟಿಲ್ಲ. ಕಡಿಮೆ ದಿನ ಇರುವವರಿಗೆ ಹರ್ ಕಿ ದೂನ್ ಇದೆ, ಅದೇ ಸೀಮೆ, ಸುಮಾರು 3,570 ಮೀಟರ್. ಊರುಗಳ ಮೇಲೇ ಹೋಗುವ ದಾರಿ. ಅದನ್ನು ತೋರಿಸಬಹುದಿತ್ತಲ್ಲ.

ನಮ್ಮ ಬೇಡಿಕೆ ಮೊದಲನೆಯದು, ದೊಡ್ಡದು, ಆ ಎರಡು ದಿನ. ಸರುವಾಸ್‌ನ ರಾತ್ರಿಯನ್ನೂ ಧಂದೇರಾಸ್‌ನ ಬಿಡುವಿನ ದಿನವನ್ನೂ ಪಟ್ಟಿಗೆ ವಾಪಸ್ ಹಾಕಿ. ರೂಪಿನ್ ಮಾತ್ರ ಅಲ್ಲ, ಎಲ್ಲೆಲ್ಲಿ ಕತ್ತರಿಸಿದ್ದೀರೋ ಅಲ್ಲೆಲ್ಲ. ದುಡ್ಡು ಜಾಸ್ತಿ ಆದರೆ ಆಗಲಿ. ಪ್ರತಿ ರಾತ್ರಿ ಮಲಗುವ ಜಾಗದ ಎತ್ತರವನ್ನು ಜಾಹೀರಾತಿನಲ್ಲೇ ಹಾಕಿ, ಕನ್ನಡದಲ್ಲಿ. ಜಾಹೀರಾತು ಕನ್ನಡದಲ್ಲಿ ಕೊಡಲು ಬರುತ್ತದೆ, ಒಪ್ಪಿಗೆ ಪತ್ರ ಮಾತ್ರ ಯಾಕೆ ಇಂಗ್ಲಿಷಿನಲ್ಲೇ? ಅದನ್ನು ಮನೆಗೆ ಒಂದು ವಾರ ಮುಂಚೆ ಕಳಿಸಿ.

ಕಾಯಿಲೆಯಿಂದ ಕೆಳಗಿಳಿದವರ ಉಳಿದ ದಿನಗಳ ದುಡ್ಡನ್ನು ವಾಪಸ್ ಕೊಡಿ. ಪೂರ್ತಿ ಆಗದಿದ್ದರೆ ಅರ್ಧ, ಅದೂ ಆಗದಿದ್ದರೆ ಮುಂದಿನ ವರ್ಷ ಅದೇ ದುಡ್ಡಿಗೆ ಇನ್ನೊಂದು ಅವಕಾಶ. ದುಡ್ಡಿನ ಆಸೆಗಲ್ಲ ಇದನ್ನು ಕೇಳುತ್ತಿರುವುದು. ಇಪ್ಪತ್ತು ಸಾವಿರ ಹೋಗುತ್ತದೆ ಅಂತ ಗೊತ್ತಿದ್ದರೆ ಮೇಷ್ಟ್ರಂಥವರು ತಲೆನೋವನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಹಾಗೆಯೇ ಯಾರನ್ನಾದರೂ ಕೆಳಗೆ ಕಳಿಸಿದ ಲೀಡರ್‌ನಿಂದ ಉತ್ತರ ಕೇಳುವುದನ್ನು ನಿಲ್ಲಿಸಿ. ಡೆಕ್ಸಾಮೆಥಾಸೋನ್ ಕಿಟ್‌ನಲ್ಲಿ ಇರಲೇಬೇಕು, ಆದರೆ ಅದನ್ನು ನುಂಗಿದವರು ಮತ್ತೆ ಮೇಲಕ್ಕೆ ಒಂದು ಹೆಜ್ಜೆಯೂ ಇಡಬಾರದು ಅಂತ ಬರೆದು ಸ್ಟ್ರಿಪ್‌ಗೇ ಅಂಟಿಸಿ. ಆಕ್ಸಿಮೀಟರಿನ ಎಲ್ಲ ಸಂಖ್ಯೆಗಳನ್ನೂ ಬರೆಯಲಿ, ಚೆನ್ನಾಗಿರುವುದನ್ನು ಮಾತ್ರ ಅಲ್ಲ.

ಪೋರ್ಟರ್‌ಗಳಿಗೆ ಒಳ್ಳೆಯ ಶೂ, ವಿಮೆ ಕೊಡಿಸಿ. ರೋಗಿಯನ್ನು ಇಳಿಸಿದ ದಿನಕ್ಕೆ ಎರಡು ಪಟ್ಟು ಕೂಲಿ ಕೊಡಿ. ಇದಕ್ಕೆ ನಮ್ಮ ಶುಲ್ಕಕ್ಕೆ ಇನ್ನೂ ಐನೂರು ರೂಪಾಯಿ ಸೇರಿಸಿದರೆ ನಾವು ಚೌಕಾಸಿ ಮಾಡುವುದಿಲ್ಲ.

ಪಾಸ್ ದಾಟಿದ ಇಬ್ಬರು ಅದು ತಮ್ಮ ಬದುಕಿನ ಅತಿ ಚಂದದ ದಿನ ಅನ್ನುತ್ತಾರೆ. ಅವರ ಫೋಟೊಗಳನ್ನು ನಾವು ಮೂವರೂ ಹೊಟ್ಟೆಕಿಚ್ಚಿನಿಂದಲೇ ನೋಡಿದ್ದೇವೆ. ಮೇಷ್ಟ್ರು ಈಗ ಆರಾಮಾಗಿದ್ದಾರೆ. ಮುಂದಿನ ಬೇಸಿಗೆಗೆ ಮತ್ತೆ ರೂಪಿನ್‌ಗೇ ಹೋಗೋಣ ಅಂತ ಹಟ ಹಿಡಿದಿದ್ದಾರೆ. ಝಾಕಾದ ಹುಡುಗನಿಗೆ ಅಂತ ಎಂಟನೇ ನಂಬರಿನ ಟ್ರೆಕ್ಕಿಂಗ್ ಶೂ ಒಂದು ಜೊತೆ ತಂದಿಟ್ಟಿದ್ದಾರೆ. ಅಳತೆ ಅಂದಾಜಿನದು. ಈ ಸಲ ಎಂಟು ದಿನಕ್ಕೆ ಕಡಿಮೆ ಇಲ್ಲ ಅಂತ ಮನೆಯಲ್ಲೂ ಒಪ್ಪಿಸಿದ್ದಾರೆ. ಮೇಲೆ ಹೇಳಿದ್ದನ್ನೆಲ್ಲ ಬರವಣಿಗೆಯಲ್ಲಿ ಕೊಡುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಐದು ಜನ ಇದ್ದೇವೆ, ಓಟದ ಸ್ಕ್ರೀನ್‌ಶಾಟ್ ಈ ಸಲ ಎಲ್ಲರದ್ದೂ ಅವರವರದ್ದೇ.

ಇತಿ ತಮ್ಮ ವಿಶ್ವಾಸಿ,
ಧಂದೇರಾಸ್‌ನಿಂದ ವಾಪಸ್ ಬಂದ ಮೂವರ ಪರವಾಗಿ,
ಹಾಸನ ಜಿಲ್ಲೆಯ ಒಬ್ಬ ಮೆಡಿಕಲ್ ಶಾಪ್‌ನವನು